ನಿದ್ದೆ ಇನ್ನೂ ದಾರೀಲಿದೆ

ನಮ್ಮ ಮಾತಲ್ಲಿ ಎಲ್ಲಾನೂ ಬರುತ್ತೆ. ಮಳೆ ಬರುತ್ತೆ, ಕೋಪ ಬರುತ್ತೆ, ಅಳು ಬರುತ್ತೆ, ಕೆಮ್ಮು ಬರುತ್ತೆ, ನಿದ್ದೆ ಬರುತ್ತೆ. ದೊಡ್ಡೋರು ನಾವು ಹೇಳ್ತಾನೇ ಇರ್ತೀವಿ, ಎಲ್ಲಿಂದ ಬರುತ್ತೆ ಅಂತ ಯಾವತ್ತೂ ತಲೆ ಕೆಡಿಸ್ಕೊಂಡಿರಲ್ಲ. ನನ್ನ ಮಗಳು ಕೆಡಿಸ್ಕೊಂಡಳು. ರಾತ್ರಿ ಹೊತ್ತು ಮೀರಿದ್ರೂ ಹೊರಳಾಡ್ತಾ ಇದ್ದೋಳನ್ನ ಅವಳಮ್ಮ "ಇನ್ನೂ ನಿದ್ದೆ ಬಂದಿಲ್ವೇನೇ?" ಅಂತ ಕೇಳಿದ್ದಕ್ಕೆ, ಬಾಗಿಲ ಕಡೆ ಒಂದ್ಸಲ ಕತ್ತೆತ್ತಿ ನೋಡಿ "ಇಲ್ಲ, ಇನ್ನೂ ದಾರೀಲಿದೆ" ಅಂದ್ಲು. ನಾವಿಬ್ರೂ ದಿಂಬಿಗೆ ಮುಖ ಒತ್ಕೊಂಡು ನಕ್ವಿ. ಅಷ್ಟಕ್ಕೇ ಮುಗೀಲಿಲ್ಲ, ಬೆಳಗ್ಗೆ ಎದ್ದವಳೇ ಗಂಟು ಮುಖ ಹಾಕ್ಕೊಂಡು "ನಿದ್ದೆ ಬಂದಾಗ ನನ್ನ ಯಾಕೆ ಎಬ್ಬಿಸ್ಲಿಲ್ಲ, ನಾನು ನೋಡ್ಬೇಕಿತ್ತು" ಅಂತ ಜಗಳ.

ಇದಕ್ಕೇನು ಉತ್ತರ ಕೊಡ್ತೀರ? ನನ್ನ ಹತ್ರ ಇರ್ಲಿಲ್ಲ.

ಮಕ್ಕಳಿರೋ ಮನೇಲೆಲ್ಲ ಇಂಥ ಮಾತು ದಿನಾ ಉದುರ್ತಾನೇ ಇರುತ್ತೆ, ನಾವು ನಕ್ಕು, ಫ್ಯಾಮಿಲಿ ಗ್ರೂಪಲ್ಲಿ ಒಂದು ವಾಟ್ಸಾಪ್ ಹಾಕಿ, ನಾಲ್ಕು ನಗೋ ಇಮೋಜಿ ಬಂದ್ಮೇಲೆ ಮರ್ತುಬಿಡ್ತೀವಿ. ನಾನು ಮರೀಬಾರ್ದು ಅಂತ ಫೋನಲ್ಲಿ ಒಂದು ನೋಟ್ ಮಾಡ್ಕೊಂಡು ಅವಳು ಎರಡು ವರ್ಷದವಳಿದ್ದಾಗಿಂದ ಬರ್ಕೋತಾ ಬಂದಿದೀನಿ, ಈಗ ಅವಳಿಗೆ ಐದು ತುಂಬ್ತಾ ಬಂತು. ಮೊನ್ನೆ ಅದನ್ನ ಮೇಲಿಂದ ಕೆಳಗೆ ಓದ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ತಮಾಷೆ ಮಾತುಗಳು ಜಾಸ್ತಿ ಇರೋ ಜಾಗದಲ್ಲೇ "ನಾನೇ" ಅನ್ನೋ ಜಗಳಗಳೂ ಜಾಸ್ತಿ ಇವೆ. ನಾನೇ ಶೂ ಹಾಕ್ಕೋತೀನಿ, ನಾನೇ ಲೈಟ್ ಹಾಕ್ತೀನಿ, ನಾನೇ ಬಾಗಿಲು ತೆಗೀತೀನಿ, ನಾನೇ ಹೇಳ್ತೀನಿ ನೀನು ಸುಮ್ನಿರು. ಮೊದ್ಲು ಇವೆರಡನ್ನೂ ಬೇರೆ ಬೇರೆ ಅಂದ್ಕೊಂಡಿದ್ದೆ, ಒಂದು ಮುದ್ದು, ಇನ್ನೊಂದು ಹಠ, ಒಂದಕ್ಕೆ ನಗೋದು, ಇನ್ನೊಂದನ್ನ ಸಹಿಸ್ಕೊಳ್ಳೋದು ಅಂತ. ಈಗ ಹಾಗನ್ಸಲ್ಲ. ಎರಡ್ರಲ್ಲೂ ನಡೀತಿರೋದು ಒಂದೇ ಕೆಲಸ. ಯಾರೂ ಹೇಳ್ಕೊಡದೇ ತಾನೇ ಒಂದು ರೂಲ್ ಕಂಡ್ಕೊಂಡು, ಅದನ್ನ ಕೊನೇವರ್ಗೂ ಬಿಡದೇ ಹಿಡ್ಕೊಂಡು ಹೋಗೋದು. ಶೂ ವಿಷಯದಲ್ಲಿ ಹಾಗೆ ಮಾಡಿದ್ರೆ ಹಠಮಾರಿ ಅಂತೀವಿ, ಮಾತಲ್ಲಿ ಮಾಡಿದ್ರೆ ಚೂಟಿ ಅಂತೀವಿ, ಅಷ್ಟೇ ವ್ಯತ್ಯಾಸ.

ಮಾತಿಂದಾನೇ ಶುರು ಮಾಡ್ತೀನಿ. ಎರಡು ವರ್ಷ ದಾಟಿದ ಹೊಸದ್ರಲ್ಲಿ ಪುಟ್ಟಿ (ಮನೇಲಿ ಹೀಗೇ ಕರೆಯೋದು) ಸರಿಯಾಗೇ "ಬಿದ್ದೆ" ಅಂತಿದ್ಲು, "ಕೊಟ್ಟೆ" ಅಂತಿದ್ಲು. ಕೆಲವು ತಿಂಗಳು ಕಳೆದ್ಮೇಲೆ ಒಂದಿನ ಓಡ್ಬಂದು "ಅಪ್ಪ, ನಾನು ಬೀಳಿದೆ" ಅಂದ್ಲು. ಆಮೇಲೆ "ಅಜ್ಜಿಗೆ ಕೊಡಿದೆ". ಆಮೇಲೆ "ಬಾಲ್ ತರಿದೆ". ನಮ್ಮಮ್ಮನಿಗೆ ಗಾಬರಿ, "ಏನೋ ಇದು, ಮಗು ಸರಿಯಾಗಿ ಮಾತಾಡ್ತಿದ್ದಿದ್ದು ಈಗ ಹಿಂದಕ್ಕೆ ಹೋಗ್ತಿದ್ಯಲ್ಲೋ" ಅಂತ. ಹಿಂದಕ್ಕಲ್ಲ, ಮುಂದಕ್ಕೆ. ಮೊದ್ಲು ಅವಳು "ಬಿದ್ದೆ" ಅಂದಿದ್ದು ನಮ್ಮ ಬಾಯಿಂದ ಕೇಳಿದ್ದನ್ನ ಹಾಗೇ ವಾಪಸ್ ಹೇಳಿದ್ದು. ಮಾಡಿದೆ, ಓಡಿದೆ, ಹಾಡಿದೆ, ನೋಡಿದೆ, ಇಷ್ಟೆಲ್ಲ ಕೇಳಿ ಕೇಳಿ ಅವಳ ತಲೇಲಿ ಒಂದು ಲೆಕ್ಕ ಕೂತಿದೆ, ಆಗಿಹೋದ ಕೆಲಸಕ್ಕೆಲ್ಲ ಹಿಂಗೇ ಬಾಲ ಹಚ್ಬೇಕು ಅಂತ. ಹಾಗಾದ್ರೆ ಬೀಳು ಅನ್ನೋದು ಏನಾಗ್ಬೇಕು? ಬೀಳಿದೆ ಆಗ್ಬೇಕು. ತಪ್ಪು ಅವಳದ್ದಲ್ಲ, ರೂಲ್ ಇಟ್ಕೊಂಡು ಅದನ್ನ ಪಾಲಿಸದೇ ಇರೋ ಭಾಷೇದು.

ಇದು ನಮ್ಮನೆ ಪುಟ್ಟಿ ಒಬ್ಬಳ ಬುದ್ಧಿವಂತಿಕೆ ಅಂತ ಹೆಮ್ಮೆ ಪಡೋ ಹಾಗೂ ಇಲ್ಲ, ಎಲ್ಲ ಮಕ್ಕಳೂ ಇದನ್ನ ಮಾಡ್ತಾರೆ, ಎಲ್ಲ ಭಾಷೇಲೂ ಒಂದಲ್ಲ ಒಂದು ರೀತೀಲಿ ಮಾಡ್ತಾರೆ. 1958ರಲ್ಲಿ ಅಮೆರಿಕದಲ್ಲಿ ಜೀನ್ ಬರ್ಕೋ ಅನ್ನೋ ಭಾಷಾವಿಜ್ಞಾನಿ ಒಂದು ಚೆಂದದ ಪ್ರಯೋಗ ಮಾಡಿದ್ರು. ಎಲ್ಲೂ ಇಲ್ಲದ ಒಂದು ಪ್ರಾಣಿ ಚಿತ್ರ ಬರೆದು, ಅದಕ್ಕೆ "ವಗ್" ಅಂತ ಎಲ್ಲೂ ಇಲ್ಲದ ಹೆಸರಿಟ್ಟು, ಇದು ಒಂದು ವಗ್, ಈಗ ಇನ್ನೊಂದು ಬಂತು, ಈಗ ಎರಡು ಏನು? ಅಂತ ಮಕ್ಕಳನ್ನ ಕೇಳಿದ್ರು. ಆ ಪದಾನ ಯಾರೂ ಜನ್ಮದಲ್ಲಿ ಕೇಳಿರ್ಲಿಲ್ಲ, ಆದ್ರೂ ನಾಲ್ಕೈದು ವರ್ಷದ ಮಕ್ಕಳು ಅದಕ್ಕೆ ಸರಿಯಾದ ಬಹುವಚನ ಹಾಕಿ ಹೇಳಿದ್ರು. ಕೇಳಿದ್ದನ್ನ ಬರೀ ಗಿಣಿಪಾಠ ಒಪ್ಪಿಸ್ತಿದ್ರೆ ಇದು ಸಾಧ್ಯಾನೇ ಇಲ್ಲ ಅಲ್ವಾ. ಅದನ್ನ ಓದಿದ್ಮೇಲೆ ನಾನು "ಬೀಳಿದೆ" ಅನ್ನೋದನ್ನ ತಿದ್ದೋದು ಬಿಟ್ಟೆ, "ಅಯ್ಯೋ ಬಿದ್ಯಾ? ಎಲ್ಲಿ ಬಿದ್ದೆ?" ಅಂತ ನನ್ನ ಮಾತಲ್ಲಿ ಸರಿಯಾದ್ದು ಹೇಳಿ ಮುಂದೆ ಹೋಗೋದು. ಒಂದಿನ ತಾನಾಗೇ "ಬಿದ್ದೆ" ವಾಪಸ್ ಬಂತು. ನಿಜ ಹೇಳ್ಬೇಕಂದ್ರೆ ಸ್ವಲ್ಪ ಬೇಜಾರೇ ಆಯ್ತು.

ಇನ್ನು ಶೂ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಯಾವಾಗ್ಲೂ. ಸುಮ್ನೆ ಹಾಕಿದ್ರೂ ಅರ್ಧ ಸಲ ಸರಿ ಆಗ್ಬೇಕಿತ್ತಲ್ಲ, ಇವಳು ಎಷ್ಟು ಅಚ್ಚುಕಟ್ಟಾಗಿ ತಪ್ಪು ಹಾಕ್ತಾಳೆ ಅಂದ್ರೆ ಅದಕ್ಕೂ ಏನೋ ರೂಲ್ ಇಟ್ಕೊಂಡಿದಾಳೆ ಅಂತ ನಂಗೆ ಗುಮಾನಿ. ಮೆಟ್ಟಿಲು ಇನ್ನೊಂದು ಕಥೆ. ಎಲ್ಲಿಗೋ ಹೋಗೋ ಅರ್ಜೆಂಟಲ್ಲಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳೀತಿದ್ದೋಳನ್ನ ನಾನು ಸಟಕ್ಕಂತ ಎತ್ಕೊಂಡು ಕೆಳಗಿಳಿಸಿಬಿಟ್ಟೆ. ಆಮೇಲೆ ಎದ್ದ ರಂಪ ಏನು ಕೇಳ್ತೀರ. ಸಮಾಧಾನಕ್ಕೆ ಏನು ಕೊಟ್ರೂ ಬೇಡ, ಅವಳಿಗೆ ಬೇಕಾಗಿದ್ದು ಒಂದೇ, ಮತ್ತೆ ಮೇಲಕ್ಕೆ ಕರ್ಕೊಂಡು ಹೋಗಿ ಎಲ್ಲಿಂದ ಎತ್ತಿದ್ನೋ ಅದೇ ಮೆಟ್ಟಿಲ ಮೇಲೆ ವಾಪಸ್ ನಿಲ್ಲಿಸ್ಬೇಕು. ನಿಲ್ಲಿಸಿದೆ. ಕಣ್ಣೀರು ಒರೆಸ್ಕೊಂಡು, ಗೋಡೆ ಹಿಡ್ಕೊಂಡು, ಒಂದೊಂದೇ ಇಳಿದು ಬಂದು, ಕೆಳಗೆ ನಿಂತು ನನ್ನ ನೋಡಿ ಹೇಳಿದ್ಲು: "ಈಗ ಬಂದೆ."

ಅಂದ್ರೆ ಮೊದ್ಲು ಬಂದಿದ್ದು ಅವಳಲ್ಲ, ನಾನು. ಲೆಕ್ಕ ಸರಿಯಾಗೇ ಇದೆ.

ಎರಿಕ್ ಎರಿಕ್ಸನ್ ಅನ್ನೋ ಮನಶ್ಶಾಸ್ತ್ರಜ್ಞ 1950ರಲ್ಲಿ ಮನುಷ್ಯನ ಬದುಕನ್ನ ಎಂಟು ಘಟ್ಟ ಮಾಡಿ ಬರೆದ್ರು, ಅದ್ರಲ್ಲಿ ಎರಡನೇದು ಈ ವಯಸ್ಸಿಂದು, ಸರಿಸುಮಾರು ಒಂದೂವರೆಯಿಂದ ಮೂರು ವರ್ಷದ್ದು. ತನ್ನ ಮೈ ಕೈ ತನ್ನ ಮಾತು ಕೇಳುತ್ತೆ ಅನ್ನೋ ಧೈರ್ಯ ಒಂದು ಕಡೆ, ನನ್ನಿಂದ ಆಗಲ್ವೇನೋ ಅನ್ನೋ ನಾಚಿಕೆ ಅನುಮಾನ ಇನ್ನೊಂದು ಕಡೆ, ಇವೆರಡರ ಎಳೆದಾಟ ಅಂತ ಅವರು ಹೇಳಿದ್ದು. ಓದೋಕೆ ಬಹಳ ಗಂಭೀರವಾಗಿದೆ, ಮನೇಲಿ ನೋಡಿದ್ರೆ ಅದು ಅಂಗಿ ತೋಳಲ್ಲಿ ತಲೆ ಸಿಕ್ಕಾಕ್ಕೊಂಡು "ಯಾರೂ ಬರ್ಬೇಡಿ!" ಅಂತ ಒಳಗಿಂದ ಕೂಗ್ತಾ ಕುರ್ಚಿಗೆ ಡಿಕ್ಕಿ ಹೊಡೀತಿರುತ್ತೆ. ಅಂಗಿ ಹಾಕ್ಕೊಳ್ಳೋದಾದ್ರೂ ಪರ್ವಾಗಿಲ್ಲ, ಗುಂಡಿ ಹಾಕೋದು ನಿಜವಾಗ್ಲೂ ಕಷ್ಟದ ಕೆಲಸ, ಒಂದು ಕೈ ಬಟ್ಟೆ ಎಳ್ದು ಹಿಡೀಬೇಕು, ಇನ್ನೊಂದು ಕೈ ಗುಂಡಿ ತಳ್ಬೇಕು, ಎರಡು ಕೈ ಒಂದೇ ಹೊತ್ತಲ್ಲಿ ಬೇರೆ ಬೇರೆ ಕೆಲಸ, ಅದೂ ಗದ್ದದ ಕೆಳಗೆ, ಕಣ್ಣಿಗೆ ಸರಿಯಾಗಿ ಕಾಣದ ಜಾಗದಲ್ಲಿ. ಅದಕ್ಕೆ ಬೇಕಾದ ಟೈಮ್ ನಾವು ಕೊಡಲ್ಲ. ಬೆಳಗ್ಗೆ ಹೊರಡೋ ಹೊತ್ತಲ್ಲಿ ಯಾರ ಹತ್ರ ಟೈಮ್ ಇರುತ್ತೆ ಹೇಳಿ. ನಮ್ಮ ಅವಸರಕ್ಕೆ ಮಾಡೋ ಸಹಾಯಾನ ಮಗುವಿಗೆ ಮಾಡಿದ ಸಹಾಯ ಅಂತ ಕರೀತೀವಿ, ಮಗು ಅದನ್ನ ಒಪ್ಪಲ್ಲ, ಅದಕ್ಕೇ ರಂಪ.

ತನ್ನ ಮೈ ಎಷ್ಟು ದೊಡ್ಡದು ಅನ್ನೋದೇ ಮೊದಮೊದ್ಲು ಮಕ್ಕಳಿಗೆ ಪಕ್ಕಾ ಗೊತ್ತಿರಲ್ವಂತೆ. ಬೊಂಬೆ ಶೂ ಒಳಗೆ ಪುಟ್ಟಿ ತನ್ನ ಹೆಬ್ಬೆರಳು ತೂರಿಸಿ, ಎದ್ದು ನಿಂತು ನಡೆಯೋಕೆ ನೋಡಿದ್ದುಂಟು, ಆಟಕ್ಕಲ್ಲ, ಸೀರಿಯಸ್ಸಾಗಿ, ಆಗ್ಲಿಲ್ಲ ಅಂತ ಸಿಟ್ಟೂ ಬಂತು. ಇದೇನಪ್ಪಾ ಅಂದ್ಕೊಂಡಿದ್ದೆ, ಆಮೇಲೆ ನೋಡಿದ್ರೆ 2004ರಲ್ಲಿ ಜೂಡಿ ಡಿಲೋಶ್ ಮತ್ತು ಅವರ ಜೊತೆಯವರು ಇದನ್ನೇ ಕೂತು ಸ್ಟಡಿ ಮಾಡಿ ಸೈನ್ಸ್ ಪತ್ರಿಕೇಲಿ ಬರೆದಿದಾರೆ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಅಂಗೈ ಅಗಲದ ಆಟಿಕೆ ಕಾರಿನ ಬಾಗಿಲು ತೆಗೆದು ಒಳಗೆ ಕಾಲಿಡೋಕೆ, ಬೊಂಬೆ ಕುರ್ಚಿ ಮೇಲೆ ಕೂರೋಕೆ ನಿಜವಾಗ್ಲೂ ಪ್ರಯತ್ನ ಮಾಡ್ತಾರೆ. ಕಾರ್ ಅಂದ್ರೆ ಒಳಗೆ ಹತ್ತೋದು ಅನ್ನೋ ತಿಳುವಳಿಕೆ ಮುಂದೆ ಓಡಿಬಿಡುತ್ತೆ, ಅಳತೆ ಅನ್ನೋದು ಹಿಂದೆ ಉಳ್ಕೊಂಡ್ಬಿಡುತ್ತೆ. ದೊಡ್ಡೋರಲ್ಲೂ ಇಂಥೋರು ಇದಾರೆ ಬಿಡಿ, ಅವರ ಬಗ್ಗೆ ಇನ್ನೊಂದಿನ.

ಕಣ್ಣಾಮುಚ್ಚಾಲೆ ಹೇಳ್ದೇ ಇದ್ರೆ ಆಗಲ್ಲ. ರೂಮಿನ ನಟ್ಟನಡುವೆ ನಿಂತು ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡ್ರೆ ಆಯ್ತು, ಪುಟ್ಟಿ ಮಾಯ. "ಎಲ್ಲಿದಾಳೆ ಪುಟ್ಟಿ?" ಅಂದ್ರೆ ಕೈ ಸಂದೀಲಿ ಕಿಸಿಕಿಸಿ ನಗು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ ಅಂತ ನಾವು ಬೈಯೋಕೆ ಬಳಸೋ ಮಾತನ್ನ ಇವಳು ಸಿದ್ಧಾಂತ ಮಾಡ್ಕೊಂಡಿದ್ಲು. ನಾನು ಕೇಳಿದೆ, "ನಿನ್ನ ತಲೆ ನಂಗೆ ಕಾಣ್ತಿದ್ಯಲ್ಲೇ?" ಅದಕ್ಕವಳು, "ತಲೆ ಕಾಣುತ್ತೆ, ನಾನು ಕಾಣಲ್ಲ." ತಮಾಷೆ ಅಂದ್ಕೊಂಡು ಬರ್ಕೊಂಡೆ. 2012ರಲ್ಲಿ ಕೇಂಬ್ರಿಜ್ ಸಂಶೋಧಕರು ಮಕ್ಕಳನ್ನ ಕೇಳಿದಾಗ ಸಿಕ್ಕ ಉತ್ತರಾನೂ ಹೆಚ್ಚೂಕಡಿಮೆ ಇದೇ. ಕಣ್ಣು ಮುಚ್ಕೊಂಡ್ರೆ ಮೈ ಕಾಣುತ್ತೆ ಅಂತ ಮಕ್ಕಳು ಒಪ್ಕೋತಾರೆ, ಆದ್ರೆ "ನಾನು" ಕಾಣಲ್ಲ ಅಂತಾರೆ, ಅಂದ್ರೆ ಕಣ್ಣಿಗೆ ಕಣ್ಣು ಸೇರದೇ ಒಬ್ಬರನ್ನೊಬ್ಬರು ನೋಡಿದ ಹಾಗಲ್ಲ ಅನ್ನೋದು ಅವರ ಲೆಕ್ಕ. ಎದುರಿಗೆ ಕೂತು ಮಾತಾಡ್ತಾ ಇದ್ರೂ ನನ್ನ ಕಣ್ಣು ಫೋನಲ್ಲಿದ್ರೆ, ಅವಳು ನನ್ನ ಗದ್ದ ಹಿಡ್ದು ಮುಖ ತಿರುಗಿಸ್ಕೊಂಡು "ಅಪ್ಪ, ಕಣ್ಣಲ್ಲಿ ಕೇಳು" ಅಂತಾಳೆ. ಅದೂ ಇದೇ ಲೆಕ್ಕ ಅನ್ಸುತ್ತೆ.

ಫೋನಲ್ಲಿ ಅಜ್ಜಿ ಜೊತೆ ಮಾತು ಇನ್ನೂ ಮಜಾ. ಅಜ್ಜಿ ಆ ಕಡೆಯಿಂದ ಏನೋ ಕೇಳ್ತಾರೆ, ಇವಳು ಜೋರಾಗಿ ತಲೆ ಆಡಿಸ್ತಾಳೆ. ಅಜ್ಜಿ ಮತ್ತೆ ಕೇಳ್ತಾರೆ, ಇವಳು ಮತ್ತೆ ತಲೆ ಆಡಿಸ್ತಾಳೆ, ಆಮೇಲೆ "ಅಜ್ಜಿಗೆ ಕಿವಿ ಕೇಳ್ಸಲ್ಲ" ಅಂತ ನಂಗೆ ಕಂಪ್ಲೇಂಟ್. ಮಂಡಿ ತರಚ್ಕೊಂಡಾಗ ಫೋನನ್ನ ಮಂಡಿಗೆ ಒತ್ತಿ ಹಿಡ್ದು "ನೋಡಜ್ಜಿ, ಇಲ್ಲೇ" ಅಂದಿದ್ದು. ನನಗೆ ಕಂಡಿದ್ದು ಎಲ್ಲರಿಗೂ ಕಾಣುತ್ತೆ ಅನ್ನೋ ನಂಬಿಕೆ. ಜೀನ್ ಪಿಯಾಜೆ ಅನ್ನೋ ಸ್ವಿಸ್ ಮನಶ್ಶಾಸ್ತ್ರಜ್ಞ ತಮ್ಮ ಮೂರು ಮಕ್ಕಳನ್ನ ಮನೇಲೇ ಗಮನಿಸಿ ಗಮನಿಸಿ ಇದರ ಬಗ್ಗೆ ಬಹಳ ಬರೆದೋರು, ಚಂದ್ರ ನಮ್ಮ ಜೊತೆಗೇ ನಡ್ಕೊಂಡು ಬರ್ತಾನೆ ಅಂತ ಮಕ್ಕಳು ನಂಬೋದನ್ನ ಗುರುತಿಸಿದ್ದೂ ಅವರೇ. ಪುಟ್ಟಿಗೂ ಚಂದ್ರ ಹಿಂದೆ ಬರ್ತಿದ್ದ. ಒಂದು ರಾತ್ರಿ ಗಾಡೀಲಿ ವಾಪಸ್ ಬರೋವಾಗ ಕಿಟಕಿಯಿಂದ ನೋಡ್ತಾ ನೋಡ್ತಾ "ಅಪ್ಪ, ಪಾಪ ಅವನಿಗೆ ಬೇರೆ ಯಾರ ಮನೆ ದಾರೀನೂ ಗೊತ್ತಿಲ್ಲ" ಅಂದ್ಲು. ನಾನೇನೂ ಹೇಳ್ಲಿಲ್ಲ. ಭೂಮಿಯಿಂದ ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇದಾನೆ, ಅಷ್ಟು ದೂರದ ವಸ್ತು ನಾವು ನಾಲ್ಕು ಕಿಲೋಮೀಟರ್ ಹೋದ್ರೆ ಜಾಗ ಬದಲಾಯಿಸಿದ ಹಾಗೆ ಕಾಣಲ್ಲ, ಪಕ್ಕದ ಮರ ಕಂಬ ಎಲ್ಲ ಹಿಂದೆ ಓಡುತ್ತೆ, ಚಂದ್ರ ಮಾತ್ರ ಜೊತೆಗೇ ಇರ್ತಾನೆ, ಇದನ್ನ ಯಾವಾಗ್ಲಾದ್ರೂ ಹೇಳಬಹುದು. ಎಲ್ಲಿಗೂ ಓಡಿಹೋಗಲ್ಲ ಆ ವಿಷಯ.

ಟೈಮ್ ಅನ್ನೋದು ಅವಳಿಗೆ ಬಹಳ ದಿನ ಎರಡೇ ಡಬ್ಬಿ. ಆಗಿಹೋಗಿದ್ದೆಲ್ಲ ನಿನ್ನೆ, ಆಗ್ಬೇಕಾಗಿದ್ದೆಲ್ಲ ನಾಳೆ. "ನಿನ್ನೆ ನಾನು ಅಮ್ಮನ ಹೊಟ್ಟೇಲಿದ್ದೆ." ಇರ್ಲಿ. "ನಾಳೆ ನಾನು ದೊಡ್ಡೋಳಾಗ್ತೀನಲ್ಲ, ಆಗ ನೀನು ಪಾಪು ಆಗ್ತೀಯ, ನಾನು ನಿನ್ನ ಎತ್ಕೊಂಡು ಓಡಾಡ್ತೀನಿ, ನೀನು ಅಳಬಾರ್ದು ಆಯ್ತಾ?" ಆಯ್ತು ಅಂದೆ. ಅವಳು ಮೇಲೆ ಹೋದ್ರೆ ನಾನು ಕೆಳಗೆ ಬರ್ಬೇಕು, ಏತಪಾತ ಆಡೋವಾಗ ಆಗೋದು ಅದೇ ತಾನೇ. ಇದನ್ನ ಕೇಳಿ ನಮ್ಮಪ್ಪ ನಕ್ಕವರು "ಪೂರ್ತಿ ತಪ್ಪೇನಿಲ್ಲ ಬಿಡು" ಅಂದ್ರು, ಎಪ್ಪತ್ತು ದಾಟಿರೋ ಮನುಷ್ಯ, ಅವರು ಯಾವ ಅರ್ಥದಲ್ಲಿ ಹೇಳಿದ್ರು ಅಂತ ಕೇಳೋಕೆ ಹೋಗ್ಲಿಲ್ಲ. ಗಡಿಯಾರದ ವಿಷಯದಲ್ಲಂತೂ ನನ್ನ ಬಾಯಿ ಮುಚ್ಚಿಸಿಬಿಟ್ಲು. ಆಟ ಸಾಕು ಇನ್ನು ಐದು ನಿಮಿಷ ಅಷ್ಟೇ ಅಂದೆ. "ನಿನ್ನ ಐದು ನಿಮಿಷಾನಾ, ನನ್ನ ಐದು ನಿಮಿಷಾನಾ?" ಅಂತ ಕೇಳಿದ್ಲು. ವ್ಯತ್ಯಾಸ ಏನೇ ಅಂದ್ರೆ, "ನೀನು ಲ್ಯಾಪ್‌ಟಾಪ್ ಮುಂದೆ ಐದು ನಿಮಿಷ ಇರು ಅಂತೀಯಲ್ಲ, ಅದು ಉದ್ದ. ನಂಗೆ ಕೊಡೋದು ಗಿಡ್ಡ." ವಾದ ಮಾಡೋಕೆ ಪಾಯಿಂಟೇ ಇರ್ಲಿಲ್ಲ.

ಮೂರೂವರೆ ಆಸುಪಾಸಲ್ಲಿ ಮಾತಿನ ಜಾತಿ ಬದಲಾಯ್ತು. ಗೋಡೆ ಮೇಲೆ ಒಂದು ಮಧ್ಯಾಹ್ನ ಮೋಡದ ಥರದ್ದೊಂದು ಚಿತ್ರ ಎದ್ದಿತ್ತು, ನನ್ನ ಸೊಂಟದೆತ್ತರಕ್ಕೆ, ಬೇರೆ ಯಾರೂ ಬರೆದಿರೋಕೆ ಸಾಧ್ಯ ಇಲ್ಲದ ಎತ್ತರ. ಯಾರು ಬರೆದಿದ್ದು ಅಂದ್ರೆ ಸ್ವಲ್ಪ ಹೊತ್ತು ಗೋಡೆ ನೋಡಿದ್ಲು, ಪೆನ್ಸಿಲ್ ನೋಡಿದ್ಲು, ಆಮೇಲೆ "ಪೆನ್ಸಿಲ್ ಬರೆದಿದ್ದು, ನಾನು ಬರೀ ಹಿಡ್ಕೊಂಡಿದ್ದೆ" ಅಂದ್ಲು. ಅವಳಮ್ಮನಿಗೆ ಸಿಟ್ಟು, ನನಗೆ ಒಳಗೊಳಗೇ ಖುಷಿ. ಯಾಕಂದ್ರೆ ಮಗು ಸುಳ್ಳು ಹೇಳ್ಬೇಕಂದ್ರೆ ತನಗೆ ಗೊತ್ತಿರೋದು ಎದುರಿನವರಿಗೆ ಗೊತ್ತಿಲ್ದೇ ಇರಬಹುದು ಅನ್ನೋದು ಮೊದ್ಲು ಹೊಳೀಬೇಕು. ಮೊನ್ನೆ ಮೊನ್ನೆವರ್ಗೂ ಮಂಡಿಗಾಯಾನ ಫೋನಿಗೆ ತೋರಿಸ್ತಿದ್ದೋಳು ಇವಳು! 1983ರಲ್ಲಿ ವಿಮ್ಮರ್ ಮತ್ತು ಪರ್ನರ್ ಅನ್ನೋ ಇಬ್ಬರು ಇದನ್ನ ಒಂದು ಸಣ್ಣ ಕಥೆ ಹೇಳಿ ಪರೀಕ್ಷೆ ಮಾಡಿದ್ರು. ಹುಡುಗ ಒಬ್ಬ ತನ್ನ ವಸ್ತು ಒಂದು ಕಪಾಟಲ್ಲಿಟ್ಟು ಆಟಕ್ಕೆ ಹೋಗ್ತಾನೆ, ಅವನಿಲ್ಲದಾಗ ಅಮ್ಮ ಅದನ್ನ ಇನ್ನೊಂದು ಕಪಾಟಿಗೆ ಹಾಕ್ತಾಳೆ, ವಾಪಸ್ ಬಂದವನು ಎಲ್ಲಿ ಹುಡುಕ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ವಸ್ತು ಈಗ ಎಲ್ಲಿದ್ಯೋ ಆ ಕಪಾಟನ್ನೇ ತೋರಿಸ್ತಾರೆ, ಅವನಿಗೆ ಗೊತ್ತಿಲ್ಲ ಅನ್ನೋದು ತಲೆಗೆ ಹೋಗಲ್ಲ. ನಾಲ್ಕು ದಾಟಿದ್ಮೇಲೆ ನಿಧಾನಕ್ಕೆ ಹೋಗುತ್ತೆ. ಅಂದ್ರೆ ಪೆನ್ಸಿಲ್ ಮೇಲೆ ಗೂಬೆ ಕೂರಿಸಿದ ದಿನ ಅವಳ ತಲೆಗೂ ನನ್ನ ತಲೆಗೂ ಮಧ್ಯ ಒಂದು ಗೋಡೆ ಇದೆ ಅಂತ ಅವಳಿಗೆ ಕಾಣೋಕೆ ಶುರುವಾಗಿತ್ತು. ಶೂ ತಾನೇ ಹಾಕ್ಕೊಳ್ಳೋದಕ್ಕಿಂತ ಇದು ದೊಡ್ಡ ಸ್ವಾತಂತ್ರ್ಯ ಅಂತ ನನ್ನ ಅಭಿಪ್ರಾಯ. ಗೋಡೆ ಒರೆಸೋ ಕೆಲಸ ಮಾತ್ರ ಇಬ್ಬರೂ ಸೇರ್ಕೊಂಡು ಮಾಡಿದ್ವಿ, ಪೆನ್ಸಿಲ್‌ಗೆ ಕೈ ಇಲ್ವಲ್ಲ.

ನಗೋ ವಿಷಯಕ್ಕೆ ಬರ್ತೀನಿ, ಇದು ನಂಗೆ ಸ್ವಲ್ಪ ಕಾಡೋ ವಿಷಯ. ಎರಡೂವರೆ ವರ್ಷದ ಮಗು ಮುಂದೆ ಎಷ್ಟು ನಕ್ರೂ ಅದೂ ಜೊತೆಗೆ ನಗುತ್ತೆ. ನಾಲ್ಕು ವರ್ಷಕ್ಕೆ ಹಾಗಲ್ಲ. "ಯಾಕೆ ನಗ್ತಿದೀರ? ನಾನು ಜೋಕ್ ಹೇಳ್ಲಿಲ್ಲ" ಅಂತ ಒಂದಿನ ನೆಂಟರ ಎದುರಿಗೇ ಹೇಳಿ ಎದ್ದು ಒಳಗೆ ಹೋಗ್ಬಿಟ್ಲು. ನಿಜ ತಾನೇ. ಅವಳು ಯೋಚ್ನೆ ಮಾಡಿ, ಇರೋ ಅಷ್ಟು ವಿಷಯ ಸೇರಿಸಿ, ಒಂದು ತೀರ್ಮಾನಕ್ಕೆ ಬಂದು ಹೇಳಿರ್ತಾಳೆ, ನಾವು ಹೊಟ್ಟೆ ಹಿಡ್ಕೊಂಡು ನಗ್ತೀವಿ, ಆಮೇಲೆ "ಇನ್ನೊಂದ್ಸಲ ಹೇಳು ಪುಟ್ಟಿ, ಅಂಕಲ್‌ಗೆ ಹೇಳು" ಅಂತ ಬೇರೆ. ಮೀಟಿಂಗಲ್ಲಿ ನಾನು ಗಂಭೀರವಾಗಿ ಏನೋ ಹೇಳಿದಾಗ ಎಲ್ಲರೂ ಹೀಗೆ ಮಾಡಿದ್ರೆ ನಾನು ಮಾರನೇ ದಿನ ರಜಾ ಹಾಕ್ತಿದ್ದೆ.

ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೋದಲ್ಲಿ "ಮಕ್ಕಳ ಮನೆ" ಅನ್ನೋ ತಮ್ಮ ಮೊದಲ ಶಾಲೆ ಶುರು ಮಾಡಿದ್ರು. ಅವರು ಹೇಳ್ಕೊಂಡಿರೋ ಒಂದು ಪ್ರಸಂಗ ನಂಗೆ ಬಹಳ ಇಷ್ಟ. ಒಂದಿನ ಮಕ್ಕಳಿಗೆ ಮೂಗು ಒರೆಸ್ಕೊಳ್ಳೋದು ಹೇಗೆ ಅಂತ ಪಾಠ ಮಾಡಿದ್ರಂತೆ, ಕರ್ಚೀಫ್ ಹೇಗೆ ಹಿಡೀಬೇಕು, ಸದ್ದಾಗದ ಹಾಗೆ ಹೇಗೆ ಒರೆಸ್ಬೇಕು ಅಂತ, ಮಕ್ಕಳು ನಗ್ತಾರೆ ಅಂದ್ಕೊಂಡೇ ಸ್ವಲ್ಪ ತಮಾಷೆ ಸೇರಿಸಿ. ಒಂದು ಮಗೂನೂ ನಗ್ಲಿಲ್ಲ. ಕಣ್ಣು ಮಿಟುಕಿಸದೇ ನೋಡಿ, ಮುಗಿದ ತಕ್ಷಣ ಎಲ್ಲ ಸೇರಿ ಜೋರಾಗಿ ಚಪ್ಪಾಳೆ ಹೊಡೆದ್ವಂತೆ. ಮೂಗು ಸುರಿಸ್ಕೊಂಡಿದೀಯ ಅಂತ ಆ ಮಕ್ಕಳನ್ನ ಬೈದೋರು ಬೇಕಾದಷ್ಟು ಜನ ಇದ್ರು, ಹೇಗೆ ಒರೆಸ್ಕೋಬೇಕು ಅಂತ ಮರ್ಯಾದೆಯಿಂದ ತೋರಿಸ್ಕೊಟ್ಟೋರು ಅದೇ ಮೊದಲು. ಮಕ್ಕಳಿಗೂ ಮಾನ ಇರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಈಗ ನಗು ತಡೆಯೋಕಾಗ್ದೇ ಇದ್ರೆ ನಾನು ಬೀರು ತೆಗೆದು ಒಳಗೆ ತಲೆ ಹಾಕಿ ಏನೋ ಹುಡುಕೋ ಥರ ಮಾಡ್ತೀನಿ. ನಮ್ಮನೆ ಬೀರು ಇಷ್ಟು ಅಚ್ಚುಕಟ್ಟಾಗಿ ಯಾವತ್ತೂ ಇರ್ಲಿಲ್ಲ.

ಇಡೀ ನೋಟಲ್ಲಿ ನಂಗೆ ಅತಿ ಇಷ್ಟವಾದ ಮಾತು ತಮಾಷೆದೇ ಅಲ್ಲ, ನಮಗೆ ಅಂತ ಹೇಳಿದ್ದೂ ಅಲ್ಲ. ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂದ್ಕೊಂಡು ಒಬ್ಬಳೇ ಇಳೀತಾ ತನಗೆ ತಾನೇ ಹೇಳ್ಕೋತಿದ್ಲು, "ನಿಧಾನ... ಗೋಡೆ ಹಿಡ್ಕೋ... ಇನ್ನೊಂದು ಕಾಲು... ಶಹಬ್ಬಾಸ್ ಮರಿ." ಆ ರಾಗ, ಆ ಎಳೆಯೋದು, ಆ "ಮರಿ", ಪೂರ್ತಿ ಅವಳಮ್ಮನದು. ಕೋಣೆ ಒಳಗೆ ನಿಂತು ಕೇಳಿಸ್ಕೊಂಡೆ. ಲೆವ್ ವೈಗೋಟ್‌ಸ್ಕಿ ಅಂತ ರಷ್ಯಾದ ಮನಶ್ಶಾಸ್ತ್ರಜ್ಞ ಒಬ್ಬರಿದ್ರು, ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದವರು, ಪಾಪ ಮೂವತ್ತೇಳಕ್ಕೇ ಹೋಗ್ಬಿಟ್ರು. ಮಕ್ಕಳು ಒಬ್ಬೊಬ್ಬರೇ ಮಾತಾಡ್ಕೊಳ್ಳೋದನ್ನ ಪಿಯಾಜೆ ಎದುರಿನವರ ಗಮನ ಇಲ್ಲದ ಎಳಸು ಮಾತು ಅಂದ್ರೆ, ಇವರು ಇಲ್ಲ, ಅದು ಕೆಲಸಕ್ಕೆ ಬರೋ ಮಾತು ಅಂದ್ರು. ದೊಡ್ಡೋರು ಹೊರಗಿಂದ ಹೇಳ್ತಿದ್ದ ಮಾತನ್ನ ಮಗು ಮೊದ್ಲು ತನ್ನ ಬಾಯಲ್ಲಿ ಜೋರಾಗಿ ಹೇಳ್ಕೊಳ್ಳುತ್ತೆ, ಆಮೇಲೆ ಪಿಸುಗುಡುತ್ತೆ, ಆಮೇಲೆ ಅದು ಒಳಗೆ ಹೋಗಿ ಯೋಚ್ನೆ ಆಗುತ್ತೆ. ಕೆಲಸ ಕಷ್ಟ ಆದಷ್ಟೂ ಆ ಮಾತು ಜಾಸ್ತಿ ಆಗುತ್ತೆ ಅಂತಾನೂ ಕಂಡ್ಕೊಂಡ್ರು. ನಾವು ಎಷ್ಟೋ ಸಲ ಯಾವ ದನೀಲಿ ಏನು ಹೇಳ್ತೀವಿ ಅಂತ ನೋಡಲ್ಲ, ಅದು ಅವಳೊಳಗೆ ಹೋಗಿ ಕೂತು ನಾವಿಲ್ಲದ ಕಡೆ ಅವಳ ಜೊತೆ ಮಾತಾಡುತ್ತೆ. ಶಹಬ್ಬಾಸ್ ಮರಿ ಅಂತ ಕೇಳ್ಸಿದ್ದು ಸಮಾಧಾನ. "ಬೇಗ ಬೇಗ, ಲೇಟಾಯ್ತು, ಏನ್ ಮಾಡ್ತಿದೀಯ" ಅನ್ನೋ ನನ್ನ ದನೀನೂ ಎಲ್ಲೋ ರೆಕಾರ್ಡ್ ಆಗಿರುತ್ತೆ, ಇನ್ನೂ ಪ್ಲೇ ಆಗಿಲ್ಲ ಅಷ್ಟೇ.

ನಾಲ್ಕೂವರೆ ಆದ್ಮೇಲೆ ಬಾಗಿಲು ಹಾಕ್ಕೊಳ್ಳೋಕೆ ಶುರು ಮಾಡಿದ್ಲು. ಬಾತ್‌ರೂಮಿಗೆ ಒಬ್ಬಳೇ ಹೋಗ್ತಾಳೆ, ಬಾಗಿಲು ಮುಂದಕ್ಕೆ ತಳ್ತಾಳೆ, ಆಮೇಲೆ ಸಂದಿಯಿಂದ ಒಂದು ಕಣ್ಣು ಮಾತ್ರ ತೋರಿಸಿ ಆರ್ಡರ್: "ನೀನು ಬರ್ಬೇಡ. ಹೋಗ್ಲೂಬೇಡ." ನಾನು ಬಾಗಿಲ ಹೊರಗೆ ನಿಂತ್ಕೋತೀನಿ. ಒಳಗಿಂದ ಆಗಾಗ "ಅಪ್ಪ ಇದೀಯಾ?" ಬರುತ್ತೆ, ಇದೀನಿ ಅಂತೀನಿ. ಈಚೀಚೆಗೆ ಆ ಪ್ರಶ್ನೆಗಳ ಮಧ್ಯ ಗ್ಯಾಪ್ ಉದ್ದ ಆಗ್ತಿದೆ, ಮೊನ್ನೆಯಂತೂ ಕೇಳಲೇ ಇಲ್ಲ, ನಾನೇ ತಡೀಲಾರ್ದೆ "ಪುಟ್ಟಿ, ಇದೀನಿ ಕಣೇ" ಅಂದೆ. "ಗೊತ್ತು" ಅಂದ್ಲು.

ಮಾತಿನ ತಪ್ಪುಗಳೂ ಹಾಗೇ ಒಂದೊಂದಾಗಿ ಹೋಗ್ತಿವೆ. ಫೋನಲ್ಲಿ ತಲೆ ಆಡಿಸಲ್ಲ, "ಹೂಂ ಅಜ್ಜಿ" ಅಂತಾಳೆ. ನಿನ್ನೆ ಅಂದ್ರೆ ನಿನ್ನೆನೇ, ಹೋದ ವಾರಕ್ಕೆ ಹೋದ ವಾರ ಅಂತಾಳೆ. ಚಂದ್ರ ಹಿಂದೆ ಬರೋದು ಬರೀ ಹಾಗೆ ಕಾಣೋದಂತೆ, ಯಾರೋ ಫ್ರೆಂಡ್ ಹೇಳಿದ್ಲಂತೆ, ನಾನು ಎತ್ತಿಟ್ಕೊಂಡಿದ್ದ ಮೂರೂ ಚಿಲ್ರೆ ಲಕ್ಷ ಕಿಲೋಮೀಟರ್ ನನ್ನ ಹತ್ರಾನೇ ಉಳೀತು. ಮಕ್ಕಳು ಬೇಗ ಬೆಳೀತಾರೆ ಅಂತ ಎಲ್ಲರೂ ಹೇಳೋ ಗೋಳನ್ನ ನಾನಿಲ್ಲಿ ತೋಡ್ಕೊಳ್ಳಲ್ಲ, ಯಾಕಂದ್ರೆ ರಾತ್ರಿ ಮಲಗಿಸೋ ಹೊತ್ತಿಗೆ ನಂಗೆ ಯಾವತ್ತೂ ಹಾಗನ್ಸಿಲ್ಲ. ಆದ್ರೆ ಬರ್ದಿಡೋದು ಒಳ್ಳೇದು. ದೊಡ್ಡೋರಿಗೆ ಸಾಮಾನ್ಯವಾಗಿ ಮೂರು ಮೂರೂವರೆ ವರ್ಷಕ್ಕಿಂತ ಹಿಂದಿಂದು ಏನೂ ನೆನಪಿರಲ್ಲ, ಅಂದ್ರೆ ಅವಳ ಅತಿ ಒಳ್ಳೆ ಮಾತುಗಳು ಅವಳಿಗೇ ಗೊತ್ತಿರಲ್ಲ. ಡಾರ್ವಿನ್ ಕೂಡ ಬರ್ಕೊಂಡಿದ್ದ. 1839ರ ಕೊನೇಲಿ ಹುಟ್ಟಿದ ಮೊದಲ ಮಗನ ಬಗ್ಗೆ ದಿನಚರಿ ಥರ ಬರ್ದಿಟ್ಟು, 1877ರಲ್ಲಿ ಅದನ್ನ ಲೇಖನ ಮಾಡಿ ಪ್ರಕಟಿಸಿದ. ಒಂದು ವರ್ಷದ ಆ ಮಗು ಊಟಕ್ಕೆ "ಮಮ್" ಅಂತ ತಾನೇ ಪದ ಮಾಡ್ಕೊಂಡಿತ್ತು ಅಂತ ಅದ್ರಲ್ಲಿ ಬರುತ್ತೆ. ಮಮ್ಮು ಅನ್ನೋ ನಮ್ಮ ಮಕ್ಕಳು ಡಾರ್ವಿನ್ ಮನೆ ಕಡೆಯೋರೇ ಇರ್ಬೇಕು.

ಡಾರ್ವಿನ್ ಮಗನನ್ನ ಕೇಳಿ ಪ್ರಕಟ ಮಾಡಿದ್ನೋ ಇಲ್ವೋ, ನಾನಂತೂ ಕೇಳ್ಬೇಕಾಯ್ತು. ಫೋನಲ್ಲಿ ಓದ್ಕೊಂಡು ನಗ್ತಿದ್ದಾಗ ಪಕ್ಕ ಬಂದು "ಏನದು?" ಅಂದ್ಲು. ನೀನು ಚಿಕ್ಕೋಳಿದ್ದಾಗ ಹೇಳಿದ್ದು, ಎಲ್ಲರಿಗೂ ಓದೋಕೆ ಹಾಕ್ಲಾ ಅಂದೆ. ಮೊದ್ಲು ಎಲ್ಲ ಓದಿ ಹೇಳು ಅಂದ್ಲು. ಕಾಲು ಮಡ್ಚಿ ಕೂತು ಎಡಿಟರ್ ಥರ ಕೇಳಿಸ್ಕೊಂಡ್ಲು. ನಿದ್ದೆದು ಹಾಕ್ಬೋದು. ಐದು ನಿಮಿಷದ್ದು ಹಾಕ್ಲೇಬೇಕು. ಬಾತ್‌ರೂಮ್‌ದು ಹಾಕ್ಬೋದು ಆದ್ರೆ "ಈಗ ನಾನು ಕೇಳಲ್ಲ ಅಂತಾನೂ ಬರಿ". ಒಂದು ಮಾತಿಗೆ ಮಾತ್ರ "ಅದು ಬೇಡ, ಅದು ನಂದು" ಅಂದ್ಲು, ಹಾಗಾಗಿ ಅದಿಲ್ಲಿಲ್ಲ, ನಿಜ ಹೇಳ್ಬೇಕಂದ್ರೆ ಎಲ್ಲದಕ್ಕಿಂತ ಚೆನ್ನಾಗಿರೋದು ಅದೇ. ಆಮೇಲೆ ಹೊಸದಾಗಿ ನಾಲ್ಕು ತಮಾಷೆ ತಾನೇ ಹೇಳ್ತೀನಿ ಬರ್ಕೋ ಅಂತ ಕೂತ್ಲು, ಒಂದೂ ನಗು ಬರ್ಲಿಲ್ಲ, ಬರ್ಕೊಂಡೆ. ಪೆನ್ಸಿಲ್ ಕಥೆಗೆ ಒಪ್ಪಿಗೆ ಸಿಕ್ಕಿದೆ, ಒಂದು ತಿದ್ದುಪಡಿ ಮೇಲೆ. ಗೋಡೆ ಮೇಲಿದ್ದಿದ್ದು ಮೋಡ ಅಲ್ಲವಂತೆ, ಆನೆಯಂತೆ, ಹಿಂದಗಡೆಯಿಂದ ನೋಡಿದ್ರೆ.